ಯುದ್ಧಕ್ರೀಡೆಯ ಕಿರುಗೊಂಬೆಗಳ ಮರುಬಣ್ಣ ಮತ್ತು ನವೀಕರಣ

ಯುದ್ಧಕ್ರೀಡೆಯ ಕಿರುಗೊಂಬೆಗಳ ಮರುಬಣ್ಣ ಮತ್ತು ನವೀಕರಣ ಎಂದರೆ, ಐತಿಹಾಸಿಕ ಕದನಗಳನ್ನು ಮೇಜಿನ ಮೇಲೆ ಆಟವಾಗಿ ಆಡಲು ಬಳಸುವ ಹಳೆಯ ಸೈನಿಕ ಗೊಂಬೆಗಳನ್ನು ಶುಚಿಗೊಳಿಸಿ, ದುರಸ್ತಿ ಮಾಡಿ, ಅಗತ್ಯವಿದ್ದಷ್ಟು ಹೊಸ ಬಣ್ಣ ಕೊಟ್ಟು ಮತ್ತೆ ಬಳಕೆಗೆ ಸಿದ್ಧಪಡಿಸುವ ಕೆಲಸ. ಈ ಆಟವನ್ನು ಸಾಮಾನ್ಯವಾಗಿ ವಾರ್‌ಗೇಮ್ ಎಂದು ಕರೆಯುತ್ತಾರೆ. ಬ್ರಿಟನ್ ಮತ್ತು ಅಮೆರಿಕದಲ್ಲಿ 1950 ಹಾಗೂ 1960ರ ದಶಕಗಳಲ್ಲಿ ಹವ್ಯಾಸವಾಗಿ ಬೆಳೆದ ಈ ಆಟದ ಮೊದಲ ತಲೆಮಾರಿನ ಸಂಗ್ರಹಗಳು ಈಗ ಅರ್ಧ ಶತಮಾನವನ್ನು ದಾಟಿವೆ. ಅವುಗಳ ಬಣ್ಣ ಮಾಸಿದೆ, ಕೆಲವು ಗೊಂಬೆಗಳ ಲೋಹವೇ ಕೆಡತೊಡಗಿದೆ. ಅನೇಕ ಸಂಗ್ರಹಗಳು ಮೂಲ ಒಡೆಯರ ಕೈಯಿಂದ ಮತ್ತೊಬ್ಬರ ಕೈಗೆ ದಾಟುತ್ತಿವೆ. ಹೀಗಾಗಿ ಹಳೆಯ ಗೊಂಬೆಯಲ್ಲಿ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಎಂಬುದು ಈ ಹವ್ಯಾಸದ ಮುಖ್ಯ ಪ್ರಶ್ನೆಗಳಲ್ಲೊಂದಾಗಿದೆ.

ಹಿನ್ನೆಲೆ

ಭಾರತದ ಚತುರಂಗದಿಂದ ಬೆಳೆದ ಚೆಸ್ ಆಟವೇ ಯುರೋಪಿನ ಯುದ್ಧಕ್ರೀಡೆಗೂ ಮೂಲವಾಯಿತು. ಜರ್ಮನಿಯ ಬ್ರೌನ್‌ಶ್ವೈಗ್‌ನ ಯೋಹಾನ್ ಹೆಲ್‌ವಿಗ್ 1780ರಲ್ಲಿ ಚೆಸ್‌ನ ಹಾಸನ್ನು ವಿಸ್ತರಿಸಿ, ನೆಲದ ಏರಿಳಿತ, ನದಿ, ಕಾಡುಗಳನ್ನು ಸೂಚಿಸುವ ಚೌಕಗಳಿರುವ ಸೈನಿಕ ಆಟವೊಂದನ್ನು ಪ್ರಕಟಿಸಿದನು. ಪ್ರಷ್ಯದ ರೈಸ್‌ವಿಟ್ಸ್ ಮನೆತನದ ತಂದೆ ಮತ್ತು ಮಗ ರೂಪಿಸಿದ ಕ್ರೀಗ್‌ಸ್ಪೀಲ್ ಎಂಬ ಆಟವು 1824ರಿಂದ ಪ್ರಷ್ಯದ ಸೇನಾಧಿಕಾರಿಗಳ ತರಬೇತಿಯಲ್ಲಿ ಬಳಕೆಗೆ ಬಂದಿತು. ಅದರಲ್ಲಿ ನಕ್ಷೆ ಮತ್ತು ಬಿಲ್ಲೆಗಳು ಇದ್ದವೇ ಹೊರತು ಗೊಂಬೆಗಳು ಇರಲಿಲ್ಲ.

ಗೊಂಬೆಗಳ ಪರಂಪರೆ ಬೇರೊಂದು ದಾರಿಯಿಂದ ಬಂದಿತು. ನ್ಯೂರೆಂಬರ್ಗ್ ನಗರದಲ್ಲಿ ತವರದ ಚಪ್ಪಟೆ ಸೈನಿಕರನ್ನು ಎರಕ ಹೊಯ್ಯುವ ಉದ್ಯಮ 18ನೆಯ ಶತಮಾನದಲ್ಲೇ ಬೆಳೆದಿತ್ತು. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಸಂಸ್ಥೆಯು 1893ರಲ್ಲಿ ಒಳಗೆ ಟೊಳ್ಳಾಗಿರುವ ಸೀಸದ ಸೈನಿಕರನ್ನು ಮಾರುಕಟ್ಟೆಗೆ ತಂದಿತು. ಟೊಳ್ಳು ಎರಕಕ್ಕೆ ಕಡಿಮೆ ಲೋಹ ಸಾಕಾದುದರಿಂದ ಬೆಲೆ ಇಳಿಯಿತು. ಲೇಖಕ ಎಚ್. ಜಿ. ವೆಲ್ಸ್ ಇಂತಹ ಗೊಂಬೆಗಳಿಂದ ಆಡುವ ಆಟದ ನಿಯಮಗಳನ್ನು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ವಿವರಿಸಿದನು.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಜ್ಯಾಕ್ ಸ್ಕ್ರೂಬಿ ಆಟಕ್ಕೆಂದೇ ಚಿಕ್ಕ ಗೊಂಬೆಗಳನ್ನು ತಯಾರಿಸಿದನು ಮತ್ತು 1957ರಲ್ಲಿ ಈ ಹವ್ಯಾಸಕ್ಕಾಗಿ ಪತ್ರಿಕೆಯೊಂದನ್ನು ಆರಂಭಿಸಿದನು. ಬ್ರಿಟನ್ನಿನಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ (1962), ಪೀಟರ್ ಯಂಗ್ ಮತ್ತು ಜೆ. ಪಿ. ಲಾಫರ್ಡ್ ಬರೆದ ‘ಚಾರ್ಜ್!’ (1967), ಚಾರ್ಲ್ಸ್ ಗ್ರಾಂಟ್ ಬರೆದ ‘ದಿ ವಾರ್ ಗೇಮ್’ (1971) ಎಂಬ ಪುಸ್ತಕಗಳು ಆಟವನ್ನು ಜನಪ್ರಿಯಗೊಳಿಸಿದವು. ಹಿಂಟನ್ ಹಂಟ್, ಮಿನಿಯೇಚರ್ ಫಿಗುರೀನ್ಸ್, ಹಿಂಚ್‌ಲಿಫ್ ಮುಂತಾದ ತಯಾರಕರ ಲೋಹದ ಗೊಂಬೆಗಳು ಮತ್ತು ಏರ್‌ಫಿಕ್ಸ್ ಸಂಸ್ಥೆಯ ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು ಆ ಕಾಲದ ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.

ಈ ಸಂಗ್ರಹಗಳು ದೊಡ್ಡವು. ಗ್ರಾಂಟ್‌ನ ನಿಯಮಗಳಲ್ಲಿ ಒಂದು ಪದಾತಿ ದಳಕ್ಕೆ ಅಧಿಕಾರಿಗಳನ್ನು ಬಿಟ್ಟು 48 ಸೈನಿಕರು ಬೇಕು. ಅಂತಹ 10 ದಳಗಳಿಗೆ 480 ಗೊಂಬೆಗಳಾಗುತ್ತವೆ. ಒಂದು ಗೊಂಬೆಗೆ ಒಂದು ಗಂಟೆ ಎಂದು ಲೆಕ್ಕ ಹಾಕಿದರೂ 480 ಗಂಟೆಗಳ ದುಡಿಮೆ ಅದರಲ್ಲಿ ಅಡಗಿರುತ್ತದೆ. ಹಳೆಯ ಸಂಗ್ರಹವನ್ನು ನವೀಕರಿಸುವವರು ಗಮನಿಸಬೇಕಾದ ಮೊದಲ ಸಂಗತಿ ಇದು: ಅವರ ಮುಂದಿರುವುದು ಕೇವಲ ಲೋಹವಲ್ಲ, ಮತ್ತೊಬ್ಬರ ಹಲವು ವರ್ಷಗಳ ಬಿಡುವಿನ ವೇಳೆ.

ಬಳಕೆಯಾದ ವಸ್ತುಗಳು

ಹಳೆಯ ಲೋಹದ ಗೊಂಬೆಗಳು ಬಹುಮಟ್ಟಿಗೆ ಸೀಸ ಮತ್ತು ತವರದ ಮಿಶ್ರಲೋಹದವು. ಗಡಸುತನಕ್ಕಾಗಿ ಸ್ವಲ್ಪ ಆಂಟಿಮನಿಯನ್ನು ಸೇರಿಸುತ್ತಿದ್ದರು. ಸೀಸದ ಪ್ರಮಾಣ ಹೆಚ್ಚಿದಂತೆ ಗೊಂಬೆ ಮೆದುವಾಗಿ, ಬಂದೂಕು, ಕತ್ತಿಗಳು ಸುಲಭವಾಗಿ ಬಾಗುತ್ತವೆ. ಸೀಸದ ವಿಷಕಾರಿ ಗುಣದ ಅರಿವು ಹೆಚ್ಚಿದ ಮೇಲೆ ಬ್ರಿಟನ್ಸ್ ಸಂಸ್ಥೆಯು 1966ರಲ್ಲಿ ಟೊಳ್ಳು ಸೀಸದ ಗೊಂಬೆಗಳ ತಯಾರಿಕೆಯನ್ನು ನಿಲ್ಲಿಸಿತು. ಆಟದ ಕಿರುಗೊಂಬೆಗಳ ಅನೇಕ ತಯಾರಕರು 1990ರ ದಶಕದಲ್ಲಿ ಸೀಸವಿಲ್ಲದ ಅಥವಾ ಸೀಸ ಕಡಿಮೆಯಿರುವ ಬಿಳಿ ಲೋಹಕ್ಕೆ ಬದಲಾದರು.

ಏರ್‌ಫಿಕ್ಸ್‌ನ ಹಳೆಯ ಗೊಂಬೆಗಳು ಪಾಲಿಥೀನ್ ಎಂಬ ಮೆದು ಪ್ಲಾಸ್ಟಿಕ್‌ನಿಂದಾದವು. ಇದರ ಮೈ ಎಣ್ಣೆಜಿಡ್ಡಿನಂತೆ ನುಣುಪು. ಬಣ್ಣ ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ.

ಬಣ್ಣದ ವಿಷಯದಲ್ಲಿ, 1960 ಮತ್ತು 1970ರ ದಶಕಗಳ ಬ್ರಿಟಿಷ್ ಸಂಗ್ರಹಗಳಲ್ಲಿ ಹಂಬ್ರಾಲ್ ಸಂಸ್ಥೆಯ ಎನಾಮೆಲ್ ಬಣ್ಣಗಳದ್ದೇ ಮೇಲುಗೈ. ಇವು ಎಣ್ಣೆಯ ಆಧಾರವುಳ್ಳವು, ನಿಧಾನವಾಗಿ ಒಣಗಿ ಗಟ್ಟಿಯಾಗುವಂಥವು. ನೀರಿನಲ್ಲಿ ಕರಗಿಸಬಹುದಾದ ಅಕ್ರಿಲಿಕ್ ಬಣ್ಣಗಳು ನಂತರದ ದಶಕಗಳಲ್ಲಿ ಅವುಗಳ ಸ್ಥಾನವನ್ನು ಪಡೆದವು. ಆಗಿನ ಶೈಲಿಯೂ ಬೇರೆ: ಸಮತಟ್ಟಾದ ಗಾಢ ಬಣ್ಣ, ಅದರ ಮೇಲೆ ಹೊಳಪಿನ ವಾರ್ನಿಷ್. ನೆರಳು ಮತ್ತು ಬೆಳಕನ್ನು ಪದರ ಪದರವಾಗಿ ತೋರಿಸುವ ಶೈಲಿ ಕ್ರಮೇಣ ರೂಢಿಗೆ ಬಂದಿತು. ಹೊಳಪಿನ ವಾರ್ನಿಷ್ ಕೇವಲ ಅಲಂಕಾರವಾಗಿರಲಿಲ್ಲ. ಆಟದಲ್ಲಿ ನೂರಾರು ಬಾರಿ ಬೆರಳು ತಗಲುವ ಗೊಂಬೆಗೆ ಅದು ಗಟ್ಟಿ ರಕ್ಷಾಕವಚವಾಗಿತ್ತು.

ಹಾನಿಯ ಬಗೆಗಳು

ಸೀಸದ ಕೊಳೆತ: ಗೊಂಬೆಯ ಮೇಲೆ ಬಿಳಿಯ ಅಥವಾ ಬೂದು ಪುಡಿ ಕಾಣಿಸಿಕೊಂಡು, ಬಣ್ಣ ಉಬ್ಬಿ, ವಿವರಗಳು ಅಳಿಸಿಹೋಗುವ ಸ್ಥಿತಿಗೆ ಹವ್ಯಾಸಿಗಳು ಕೊಟ್ಟಿರುವ ಹೆಸರಿದು. ಓಕ್ ಮುಂತಾದ ಮರಗಳು, ಪ್ಲೈವುಡ್, ಎಂಡಿಎಫ್ ಹಲಗೆ ಮತ್ತು ಕೆಲವು ಬಗೆಯ ರಟ್ಟುಗಳಿಂದ ಅಸಿಟಿಕ್ ಆಮ್ಲದಂತಹ ಸಾವಯವ ಆಮ್ಲಗಳ ಆವಿ ಹೊರಬರುತ್ತದೆ. ಈ ಆವಿಯು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿ ಸೀಸವನ್ನು ಸೀಸದ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಅಂದರೆ ಗೊಂಬೆಗಳ ರಕ್ಷಣೆಗೆಂದು ಮಾಡಿಸಿದ ಚೆಂದದ ಮರದ ಪೆಟ್ಟಿಗೆಯೇ ಅವುಗಳ ನಾಶಕ್ಕೆ ಕಾರಣವಾಗಬಹುದು.

ಇದನ್ನು ತವರದ ರೋಗ ಎಂದು ಕೆಲವರು ತಪ್ಪಾಗಿ ಕರೆಯುತ್ತಾರೆ. ತವರದ ರೋಗವು ಶುದ್ಧ ತವರವು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಾಪಮಾನದಲ್ಲಿ ಬೇರೊಂದು ರೂಪಕ್ಕೆ ಬದಲಾಗಿ ಪುಡಿಯಾಗುವ ಕ್ರಿಯೆ. ಸೀಸ ಅಥವಾ ಆಂಟಿಮನಿ ಬೆರೆತ ಮಿಶ್ರಲೋಹದಲ್ಲಿ ಇದು ಅಪರೂಪ.

ಬಣ್ಣದ ಹಾನಿ: ಎಣ್ಣೆ ಆಧಾರಿತ ಹಳೆಯ ವಾರ್ನಿಷ್ ವರ್ಷಗಳು ಕಳೆದಂತೆ ಹಳದಿಗೆ ತಿರುಗುತ್ತದೆ. ಬಿಳಿಯ ಪಟ್ಟಿಗಳು ಕೆನೆಬಣ್ಣಕ್ಕೂ ನೀಲಿ ಅಂಗಿಗಳು ಹಸಿರು ಛಾಯೆಗೂ ವಾಲುತ್ತವೆ. ಬಿಸಿಲಿಗೆ ಒಡ್ಡಿದ ಕೆಲವು ಕೆಂಪು ಮತ್ತು ಹಳದಿ ಬಣ್ಣಗಳು ಮಂಕಾಗುತ್ತವೆ. ಟೋಪಿಯ ತುದಿ, ಬಂದೂಕಿನ ನಳಿಕೆ, ಕುದುರೆಯ ಕಿವಿಗಳಲ್ಲಿ ಬಣ್ಣ ಸವೆದು ಲೋಹ ಹೊರಗೆ ಕಾಣುತ್ತದೆ.

ಮುರಿತ: ಬಾಗಿದ ಕತ್ತಿ, ತುಂಡಾದ ಬಯೊನೆಟ್, ಕುದುರೆಯ ಮುರಿದ ಕಾಲು ಸಾಮಾನ್ಯ. ಹಳೆಯ ಪಾಲಿಥೀನ್ ಗೊಂಬೆಗಳಲ್ಲಿ ಕೆಲವು ಕಾಲಕ್ರಮದಲ್ಲಿ ಪೆಡಸಾಗಿ, ಮುಟ್ಟಿದರೆ ಮುರಿಯುವ ಸ್ಥಿತಿಗೆ ಬಂದಿರುತ್ತವೆ.

ನವೀಕರಣದ ಹಂತಗಳು

ಅನುಭವಿಗಳು ಸಾಮಾನ್ಯವಾಗಿ ಕಡಿಮೆ ಹಸ್ತಕ್ಷೇಪದಿಂದ ಹೆಚ್ಚಿನ ಹಸ್ತಕ್ಷೇಪದ ಕಡೆಗೆ ಹಂತ ಹಂತವಾಗಿ ಸಾಗುತ್ತಾರೆ. ಒಂದು ಹಂತದಲ್ಲಿ ಫಲ ದೊರೆತರೆ ಮುಂದಿನದಕ್ಕೆ ಹೋಗುವ ಅಗತ್ಯವಿಲ್ಲ.

ದಾಖಲೆ: ಕೆಲಸಕ್ಕೆ ಮೊದಲು ಪ್ರತಿಯೊಂದು ದಳದ ಛಾಯಾಚಿತ್ರ ತೆಗೆದು, ಗೊಂಬೆಗಳ ಸಂಖ್ಯೆಯನ್ನೂ ಪೀಠದ ಅಡಿಯಲ್ಲಿರುವ ಬರಹವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಪೀಠದ ಕೆಳಗೆ ತಯಾರಕರ ಸಂಕೇತ, ದಳದ ಹೆಸರು, ಬಣ್ಣ ಹಚ್ಚಿದ ವರ್ಷ ಅಥವಾ ಹಚ್ಚಿದವರ ಹೆಸರಿನ ಮೊದಲಕ್ಷರ ಇರುವುದುಂಟು.

ಶುಚಿಗೊಳಿಸುವಿಕೆ: ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದು, ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೌಮ್ಯ ಸೋಪಿನ ದ್ರವ ಬೆರೆಸಿ, ಹತ್ತಿಕಡ್ಡಿಯಿಂದ ಒರೆಸುತ್ತಾರೆ. ಬಣ್ಣ ಎದ್ದಿರುವ ಗೊಂಬೆಯನ್ನು ನೀರಿನಲ್ಲಿ ಮುಳುಗಿಸಬಾರದು. ಎಷ್ಟೋ ಗೊಂಬೆಗಳು ಮಾಸಿದಂತೆ ಕಾಣುವುದು ಧೂಳಿನಿಂದ ಮಾತ್ರ. ಇಷ್ಟರಿಂದಲೇ ಅವು ಮೊದಲಿನ ಕಳೆಯನ್ನು ಪಡೆಯುತ್ತವೆ.

ದುರಸ್ತಿ: ಬಾಗಿದ ಸೀಸದ ಭಾಗವನ್ನು ಒಂದೇ ಬಾರಿಗೆ ನೆಟ್ಟಗೆ ಮಾಡದೆ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಬೇಕು, ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಲೋಹ ದಣಿದು ಮುರಿಯುತ್ತದೆ. ಮುರಿದ ಈಟಿಯ ಬದಲಿಗೆ ಉಕ್ಕಿನ ಅಥವಾ ಹಿತ್ತಾಳೆಯ ತಂತಿಯನ್ನು ಕೂಡಿಸುತ್ತಾರೆ. ಕಾಲು ಮುರಿದಿದ್ದರೆ ಎರಡೂ ತುಂಡುಗಳಲ್ಲಿ ಸಣ್ಣ ರಂಧ್ರ ಕೊರೆದು, ತಂತಿಯ ಮೊಳೆ ಇಟ್ಟು ಅಂಟಿಸುತ್ತಾರೆ. ತಲೆ ಕಳಚಿದ ಟೊಳ್ಳು ಗೊಂಬೆಗೆ ಬೆಂಕಿಕಡ್ಡಿಯ ತುಂಡನ್ನು ಕತ್ತಿನೊಳಗೆ ತೂರಿಸಿ ತಲೆಯನ್ನು ಕೂಡಿಸುವುದು ಹಳೆಯ ಮನೆಮದ್ದು.

ತಿದ್ದುಬಣ್ಣ: ಬಣ್ಣ ಸವೆದ ಜಾಗಕ್ಕೆ ಮಾತ್ರ ಹೊಸ ಬಣ್ಣ ಹಚ್ಚುವುದು. ಹಳೆಯ ಬಣ್ಣವು ಡಬ್ಬಿಯಲ್ಲಿದ್ದಂತೆ ಈಗ ಉಳಿದಿರುವುದಿಲ್ಲವಾದ್ದರಿಂದ, ಹೊಸ ಬಣ್ಣವನ್ನು ಈಗ ಕಾಣುವ ಛಾಯೆಗೆ ಹೊಂದಿಸಬೇಕು. ಕೆಂಪಿಗೆ ತುಸು ಕಂದು, ಬಿಳಿಗೆ ತುಸು ಕೆನೆಬಣ್ಣ ಬೆರೆಸಬೇಕಾಗುತ್ತದೆ. ಚೆನ್ನಾಗಿ ಒಣಗಿದ ಎನಾಮೆಲ್ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಬಹುದು, ಆದರೆ ಮೈಯಲ್ಲಿ ಜಿಡ್ಡು ಇರಬಾರದು. ತೀಕ್ಷ್ಣ ದ್ರಾವಕವುಳ್ಳ ಲ್ಯಾಕರ್ ಸಿಂಪಡಿಸಿದರೆ ಕೆಳಗಿನ ಎನಾಮೆಲ್ ಸುಕ್ಕುಗಟ್ಟುತ್ತದೆ.

ನೆರಳು ಕೊಡುವುದು: ಗಾಢ ಕಂದು ಅಥವಾ ಕಪ್ಪು ಬಣ್ಣವನ್ನು ನೀರಿನಂತೆ ತೆಳುವಾಗಿಸಿ ಹಚ್ಚಿದರೆ ಅದು ಮಡಿಕೆಗಳಲ್ಲಿ ನಿಂತು ನೆರಳಿನಂತೆ ಕಾಣುತ್ತದೆ. ಉಬ್ಬಿದ ಭಾಗಗಳಿಗೆ ಬಹುತೇಕ ಒಣಗಿದ ಕುಂಚದಿಂದ ತಿಳಿಬಣ್ಣ ಸವರಿದರೆ ಬೆಳಕು ಬಿದ್ದಂತಾಗುತ್ತದೆ. ಸಮತಟ್ಟು ಬಣ್ಣದ ಹಳೆಯ ದಳವನ್ನು ಹೊಸ ದಳದ ಪಕ್ಕದಲ್ಲಿ ನಿಲ್ಲಿಸಲು ಅನೇಕರು ಈ ಎರಡು ಕ್ರಮಗಳಿಗೆ ಮೊರೆಹೋಗುತ್ತಾರೆ. ಆದರೆ ಇದರಿಂದ ಮೂಲ ಶೈಲಿ ಬದಲಾಗುತ್ತದೆ ಎಂಬುದು ನೆನಪಿನಲ್ಲಿರಬೇಕು.

ಬಣ್ಣ ಕಿತ್ತು ಹೊಸದಾಗಿ ಹಚ್ಚುವುದು: ಇದು ಕೊನೆಯ ಹಂತ. ಪದರದ ಮೇಲೆ ಪದರ ಬಿದ್ದು ಮುಖದ ವಿವರಗಳೇ ಮುಚ್ಚಿಹೋಗಿದ್ದರೆ, ಅಥವಾ ಬಣ್ಣದ ಕೆಳಗೆ ಸೀಸ ಕೊಳೆಯುತ್ತಿದ್ದರೆ ಬಣ್ಣವನ್ನು ಪೂರ್ತಿಯಾಗಿ ತೆಗೆಯಬೇಕಾಗುತ್ತದೆ. ಲೋಹದ ಗೊಂಬೆಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್, ಅಸಿಟೋನ್ ಅಥವಾ ಪೈನ್ ಎಣ್ಣೆಯಿರುವ ಡೆಟಾಲ್‌ನಂತಹ ದ್ರವವನ್ನು ಬಳಸುತ್ತಾರೆ. ಡೆಟಾಲ್‌ನಲ್ಲಿ ನೆನೆಸಿದ ಗೊಂಬೆಯನ್ನು ನೇರವಾಗಿ ನೀರಿನಲ್ಲಿ ತೊಳೆದರೆ ಕರಗಿದ ಬಣ್ಣ ಅಂಟು ರಾಡಿಯಾಗಿ ಮತ್ತೆ ಮೈಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲು ಅದೇ ದ್ರವದಲ್ಲಿ ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ಬಣ್ಣವನ್ನೆಲ್ಲ ತೆಗೆದು ಆಮೇಲೆ ತೊಳೆಯಬೇಕು. ಅಸಿಟೋನ್ ಗಟ್ಟಿ ಪ್ಲಾಸ್ಟಿಕ್‌ನ ಗೊಂಬೆಗಳನ್ನೇ ಕರಗಿಸುತ್ತದೆ. ಶುಚಿಯಾದ ಗೊಂಬೆಗೆ ಪ್ರೈಮರ್ ಎಂಬ ಅಡಿಬಣ್ಣ ಕೊಟ್ಟ ನಂತರವೇ ಹೊಸ ಬಣ್ಣ ಹಚ್ಚಬೇಕು.

ವಾರ್ನಿಷ್: ಕೊನೆಯಲ್ಲಿ ಹೊಳಪಿನ ವಾರ್ನಿಷ್ ಹಚ್ಚಿ, ಬೇಕಿದ್ದರೆ ಅದರ ಮೇಲೆ ಹೊಳಪಿಲ್ಲದ ವಾರ್ನಿಷ್ ಕೊಡುತ್ತಾರೆ. ಮೊದಲನೆಯದು ಗಟ್ಟಿತನಕ್ಕೆ, ಎರಡನೆಯದು ನೋಟಕ್ಕೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಹೊಳಪಿಲ್ಲದ ವಾರ್ನಿಷ್ ಸಿಂಪಡಿಸಿದರೆ ಮಂಜು ಕವಿದಂತೆ ಬಿಳಿಚಿಕೊಳ್ಳುವ ಅಪಾಯವಿದೆ.

ಪೀಠಗಳ ಬದಲಾವಣೆ

ಆಟದ ನಿಯಮಗಳು ಬದಲಾದಂತೆ ಗೊಂಬೆಗಳನ್ನು ಅಂಟಿಸುವ ಪೀಠದ ಅಳತೆಯೂ ಬದಲಾಗಿದೆ. ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ರೂಪಿಸಿದ ಪ್ರಾಚೀನ ಕಾಲದ ಯುದ್ಧಗಳ ನಿಯಮಗಳಲ್ಲಿ ಹಲವು ಗೊಂಬೆಗಳನ್ನು ಒಂದೇ ಪೀಠದ ಮೇಲೆ ನಿಲ್ಲಿಸುತ್ತಾರೆ. 25 ಮಿಲಿಮೀಟರ್ ಗೊಂಬೆಗಳಿಗೆ 60 ಮಿಲಿಮೀಟರ್, 15 ಮಿಲಿಮೀಟರ್ ಗೊಂಬೆಗಳಿಗೆ 40 ಮಿಲಿಮೀಟರ್ ಅಗಲದ ಪೀಠ ರೂಢಿಯಲ್ಲಿದೆ. ಹಳೆಯ ಸಂಗ್ರಹದ ಪೀಠಗಳು ಬಹುಪಾಲು ಹಸಿರು ಬಣ್ಣ ಬಳಿದ ರಟ್ಟಿನವು. ಒಂದೇ ಬಗೆಯ ಮರಳು ಮತ್ತು ಕೃತಕ ಹುಲ್ಲಿನ ಪೀಠಗಳನ್ನು ಕೊಟ್ಟರೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬಣ್ಣ ಹಚ್ಚಿದ ಗೊಂಬೆಗಳೂ ಒಂದೇ ಸೈನ್ಯದಂತೆ ಕಾಣುತ್ತವೆ. ಗೊಂಬೆಯ ಬಣ್ಣವನ್ನು ಮುಟ್ಟದೆಯೇ ಸಂಗ್ರಹಕ್ಕೆ ಹೊಸತನ ತರುವ ಸುಲಭ ಮಾರ್ಗ ಇದಾಗಿದೆ. ಹಳೆಯ ಪೀಠದ ಮೇಲಿದ್ದ ಬರಹವನ್ನು ಹೊಸ ಪೀಠದ ಅಡಿಗೆ ನಕಲು ಮಾಡುವುದು ಒಳ್ಳೆಯ ಪದ್ಧತಿ.

ಸಮವಸ್ತ್ರಗಳ ಪರಿಶೀಲನೆ

ಐತಿಹಾಸಿಕ ಗೊಂಬೆಗಳಲ್ಲಿ ಬಣ್ಣವೆಂದರೆ ಮಾಹಿತಿ. ನೆಪೋಲಿಯನ್ ಕಾಲದ ಬ್ರಿಟಿಷ್ ಪದಾತಿಯ ಅಂಗಿ ಕೆಂಪಾದರೂ ಕೊರಳಪಟ್ಟಿ ಮತ್ತು ತೋಳಿನ ಅಂಚಿನ ಬಣ್ಣ ದಳದಿಂದ ದಳಕ್ಕೆ ಬೇರೆ. ಅದರಿಂದಲೇ ದಳವನ್ನು ಗುರುತಿಸಬೇಕು. 1960ರ ದಶಕದ ಹವ್ಯಾಸಿಗಳಿಗೆ ಇಂತಹ ವಿವರಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ಆಸ್ಪ್ರೇ ಪ್ರಕಾಶನದ ‘ಮೆನ್ ಅಟ್ ಆರ್ಮ್ಸ್’ ಮಾಲೆಯಂತಹ ಸಚಿತ್ರ ಪುಸ್ತಕಗಳು 1970ರ ದಶಕದಿಂದ ಬರತೊಡಗಿದವು. ಆದ್ದರಿಂದ ಅದಕ್ಕೂ ಹಿಂದಿನ ಸಂಗ್ರಹಗಳಲ್ಲಿ ತಪ್ಪುಗಳು ಕಾಣುವುದು ಸಹಜ.

ಆದರೆ ತಪ್ಪೆಂದು ಕಂಡದ್ದೆಲ್ಲ ತಪ್ಪಲ್ಲ. ನೆಪೋಲಿಯನ್ನನ ಪದಾತಿ ಎಂದರೆ ನೀಲಿ ಅಂಗಿ ಎಂಬುದು ಸಾಮಾನ್ಯ ತಿಳಿವಳಿಕೆ. ಹಳೆಯ ಸಂಗ್ರಹದಲ್ಲಿ ಬಿಳಿ ಅಂಗಿಯ ಫ್ರೆಂಚ್ ದಳವೊಂದು ಕಂಡರೆ ಅದನ್ನು ನೀಲಿಗೆ ‘ತಿದ್ದುವ’ ಆಸೆಯಾಗಬಹುದು. ಆದರೆ ನೀಲಿ ಬಣ್ಣಕ್ಕೆ ಬೇಕಾದ ಇಂಡಿಗೊ ನೌಕಾ ದಿಗ್ಬಂಧನದಿಂದಾಗಿ ದುರ್ಲಭವಾದಾಗ, 1806ರಲ್ಲಿ ಬಿಳಿಯ ಸಮವಸ್ತ್ರಕ್ಕೆ ಬದಲಾಗುವ ನಿರ್ಧಾರವಾಗಿ ಕೆಲವು ಫ್ರೆಂಚ್ ದಳಗಳು ಅದನ್ನು ಧರಿಸಿದ್ದವು. ಸ್ವಲ್ಪ ಕಾಲದಲ್ಲೇ ಆ ಯೋಜನೆಯನ್ನು ಕೈಬಿಡಲಾಯಿತು. ಮೊದಲ ಒಡೆಯನಿಗೆ ಈ ಸಂಗತಿ ತಿಳಿದಿದ್ದಿರಬಹುದು. ಅದನ್ನು ಅರಿಯದೆ ನೀಲಿ ಬಳಿದರೆ ಅವನ ಓದಿನ ಕುರುಹು ಅಳಿದುಹೋಗುತ್ತದೆ.

ಮೈಸೂರು ಯುದ್ಧಗಳ ಗೊಂಬೆಗಳಲ್ಲೂ ಇಂತಹದೇ ಎಚ್ಚರ ಬೇಕು. ಟಿಪ್ಪು ಸುಲ್ತಾನನ ಆಡಳಿತದಲ್ಲಿ ‘ಬಬ್ರಿ’ ಎಂಬ ಹುಲಿಪಟ್ಟೆಯ ವಿನ್ಯಾಸವನ್ನು ಸೈನಿಕರ ಉಡುಪು, ಆಯುಧಗಳಲ್ಲಿ ಬಳಸುತ್ತಿದ್ದರು. ಅದು ಹುಲಿಯ ಚರ್ಮದ ಯಥಾವತ್ ನಕಲಲ್ಲ, ಶೈಲೀಕೃತ ಆಕೃತಿ. ಕಿತ್ತಳೆ ಬಣ್ಣದ ಮೇಲೆ ಕಪ್ಪು ಪಟ್ಟೆ ಎಳೆದುಬಿಟ್ಟರೆ ಸಾಲದು. ಉಳಿದಿರುವ ವಸ್ತುಗಳನ್ನೂ, ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದೊಂದಿಗೆ ಬಂದಿದ್ದ ರಾಬರ್ಟ್ ಹೋಮ್‌ನಂತಹ ಸಮಕಾಲೀನ ಕಲಾವಿದರ ಚಿತ್ರಗಳನ್ನೂ ನೋಡಿ ತೀರ್ಮಾನಿಸಬೇಕಾಗುತ್ತದೆ.

ಉಳಿಸುವುದೋ ಬದಲಿಸುವುದೋ ಎಂಬ ಚರ್ಚೆ

ಈ ವಿಷಯದಲ್ಲಿ ಹವ್ಯಾಸಿಗಳಲ್ಲಿ ಎರಡು ನಿಲುವುಗಳಿವೆ. ಗೊಂಬೆ ಆಟದ ಸಾಧನ. ಆಡುವವರಿಗೆ ಮೆಚ್ಚುಗೆಯಾಗುವಂತೆ ಅದನ್ನು ಬದಲಿಸುವುದರಲ್ಲಿ ತಪ್ಪಿಲ್ಲ ಎಂಬುದು ಒಂದು ನಿಲುವು. ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಹೊಸ ಬಣ್ಣದಲ್ಲಿ ಮೇಜಿಗೆ ಬರುವುದೇ ಲೇಸೆಂದು ಅವರು ವಾದಿಸುತ್ತಾರೆ. ಹಳೆಯ ಬಣ್ಣವೂ ಈ ಹವ್ಯಾಸದ ಇತಿಹಾಸಕ್ಕೆ ಆಧಾರ ಎಂಬುದು ಇನ್ನೊಂದು ನಿಲುವು. ಅಚ್ಚಿನಿಂದ ಗೊಂಬೆಯನ್ನು ಮತ್ತೆ ಎರಕ ಹೊಯ್ಯಬಹುದು, ಆದರೆ 1965ರಲ್ಲಿ ಒಬ್ಬರು ಹಚ್ಚಿದ ಬಣ್ಣವನ್ನು ಒಮ್ಮೆ ಕಿತ್ತರೆ ಮತ್ತೆ ತರಲಾಗದು. ಹೊಳಪಿನ ವಾರ್ನಿಷ್ ಮತ್ತು ದೊಡ್ಡ ದಳಗಳ ಹಳೆಯ ಶೈಲಿಯನ್ನೇ ಬೇಕೆಂದು ಮುಂದುವರಿಸುವ ಆಟಗಾರರ ಬಳಗವೂ ಇದೆ.

ವಸ್ತುಸಂಗ್ರಹಾಲಯಗಳಲ್ಲಿ ಎರಡನೆಯ ನಿಲುವಿಗೆ ಹೆಚ್ಚು ತೂಕ. ಇದು ಆಟದ ಗೊಂಬೆಗಳಿಗೆ ಸೇರಿದ ಉದಾಹರಣೆಯಲ್ಲದಿದ್ದರೂ, ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿರುವ ವಾಟರ್‌ಲೂ ಕದನದ ಮಾದರಿಯನ್ನು ಇಲ್ಲಿ ನೆನೆಯಬಹುದು. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ ನಿರ್ಮಿಸಿ 1838ರಲ್ಲಿ ಪ್ರದರ್ಶಿಸಿದ ಈ ಮಾದರಿಯಲ್ಲಿ 70 ಸಾವಿರಕ್ಕೂ ಹೆಚ್ಚು ಪುಟ್ಟ ಲೋಹದ ಗೊಂಬೆಗಳಿವೆ. ಪ್ರಷ್ಯದ ಸೈನ್ಯವು ರಣರಂಗದಲ್ಲಿ ಎಲ್ಲಿ, ಎಷ್ಟು ಮುಂದೆ ಬಂದಿತ್ತೆಂಬ ವಿಷಯದಲ್ಲಿ ಸೈಬೋರ್ನ್‌ನ ಸಂಶೋಧನೆಗೂ ವೆಲಿಂಗ್ಟನ್ ಪ್ರಭುವಿನ ಅಭಿಪ್ರಾಯಕ್ಕೂ ಹೊಂದಿಕೆಯಾಗಲಿಲ್ಲ. ಮುಂದೆ ಪ್ರಷ್ಯದ ಗೊಂಬೆಗಳಲ್ಲಿ ಬಹಳಷ್ಟನ್ನು ಮಾದರಿಯಿಂದ ತೆಗೆಯಲಾಯಿತು. ಗೊಂಬೆಯ ಸ್ಥಾನ, ಸಂಖ್ಯೆ, ಬಣ್ಣಗಳು ಒಂದು ಕಾಲದ ತಿಳಿವಳಿಕೆಯನ್ನೂ ಒತ್ತಡವನ್ನೂ ದಾಖಲಿಸುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಎರಡೂ ನಿಲುವುಗಳ ನಡುವೆ ಕೆಲವರು ಮಧ್ಯಮ ಮಾರ್ಗವನ್ನು ಅನುಸರಿಸುತ್ತಾರೆ. ಹೆಸರಾಂತ ಹವ್ಯಾಸಿಗಳು ಬಣ್ಣ ಹಚ್ಚಿದ ಗೊಂಬೆಗಳನ್ನೂ, ಯಾರು ಹಚ್ಚಿದ್ದೆಂದು ತಿಳಿದಿರುವ ಮನೆಯವರ ಅಥವಾ ಗೆಳೆಯರ ಗೊಂಬೆಗಳನ್ನೂ ಶುಚಿಗೊಳಿಸಿ ಹಾಗೆಯೇ ಉಳಿಸುತ್ತಾರೆ. ಪೂರ್ವಾಪರ ತಿಳಿಯದ, ತೀರ ಹಾಳಾದ ಗೊಂಬೆಗಳಿಗೆ ಹೊಸ ಬಣ್ಣ ಕೊಡುತ್ತಾರೆ. ಇಡೀ ದಳವನ್ನು ಬದಲಿಸಬೇಕಾಗಿ ಬಂದಾಗ ಮೂಲ ಬಣ್ಣದ ಒಂದು ಗೊಂಬೆಯನ್ನಾದರೂ ಮಾದರಿಯಾಗಿ ಇಟ್ಟುಕೊಳ್ಳುವುದೂ, ಕೈಯಿಂದ ಬರೆದ ಹಳೆಯ ಧ್ವಜಗಳನ್ನು ಎಸೆಯದಿರುವುದೂ ಈ ಮಾರ್ಗದ ಭಾಗವಾಗಿವೆ.

ಸುರಕ್ಷತೆ

ಸೀಸವು ದೇಹದಲ್ಲಿ ಸಂಗ್ರಹವಾಗುವ ವಿಷ. ಮಕ್ಕಳಿಗೆ ಹೆಚ್ಚು ಅಪಾಯಕಾರಿ. ಗೊಂಬೆಯನ್ನು ಮುಟ್ಟುವುದಕ್ಕಿಂತ ಅದರ ಪುಡಿಯನ್ನು ಉಸಿರಾಡುವುದು ಅಥವಾ ನುಂಗುವುದು ಅಪಾಯಕರ. ಆದ್ದರಿಂದ ಸೀಸದ ಗೊಂಬೆಯನ್ನು ಒಣದಾಗಿ ಉಜ್ಜುಕಾಗದದಿಂದ ತಿಕ್ಕಬಾರದು. ಕೊಳೆತದ ಬಿಳಿ ಪುಡಿಯನ್ನು ಊದಬಾರದು. ಕೈಗವಸು ಮತ್ತು ಮುಖಗವಸು ಧರಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊಳೆತವನ್ನು ತೆಗೆಯಲು ವಿನೆಗರ್ ಬಳಸುವುದು ತಪ್ಪು. ಅದರಲ್ಲಿರುವುದು ಸೀಸವನ್ನು ಕೆಡಿಸುವ ಅಸಿಟಿಕ್ ಆಮ್ಲವೇ. ಹಳೆಯ ಹಳದಿ, ಕೆಂಪು ಮತ್ತು ಬಿಳಿ ಬಣ್ಣಗಳಲ್ಲೂ ಸೀಸದ ಸಂಯುಕ್ತಗಳು ಇರಬಹುದು. ದ್ರಾವಕಗಳನ್ನು ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ ಬಳಸಬೇಕು. ಕೆಲಸದ ಮೇಜಿನಲ್ಲಿ ಊಟ, ತಿಂಡಿ ಸಲ್ಲದು. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುವ ಅಭ್ಯಾಸವನ್ನು ಬಿಡಬೇಕು.

ಸಂರಕ್ಷಣೆ

ನವೀಕರಿಸಿದ ಗೊಂಬೆಗಳನ್ನು ಲೋಹದ ಅಥವಾ ಪಾಲಿಪ್ರೊಪಿಲೀನ್ ಪೆಟ್ಟಿಗೆಗಳಲ್ಲಿ, ಒಣ ಜಾಗದಲ್ಲಿ ಇಡುವುದು ಸೂಕ್ತ. ಹೊಸ ಮರದ ಕಪಾಟು ಮತ್ತು ಎಂಡಿಎಫ್ ಪೆಟ್ಟಿಗೆಗಳನ್ನು ಬಳಸದಿರುವುದು ಒಳ್ಳೆಯದು. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಾಲಕಾಲಕ್ಕೆ ಬದಲಿಸಬೇಕು. ನೇರ ಬಿಸಿಲು ಬೀಳಬಾರದು. ವರ್ಷಕ್ಕೆ ಒಂದೆರಡು ಬಾರಿ ಎಲ್ಲ ಗೊಂಬೆಗಳನ್ನೂ ಹೊರತೆಗೆದು ನೋಡಿದರೆ ಕೊಳೆತವನ್ನು ಆರಂಭದಲ್ಲೇ ಗುರುತಿಸಬಹುದು. ಬಿಳಿ ಪುಡಿ ಕಂಡ ಗೊಂಬೆಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಸಂಗ್ರಹದ ಪಟ್ಟಿ, ಛಾಯಾಚಿತ್ರಗಳು ಹಾಗೂ ಯಾವ ಗೊಂಬೆಗೆ ಯಾರು, ಯಾವಾಗ ಬಣ್ಣ ಹಚ್ಚಿದರೆಂಬ ವಿವರವನ್ನು ಗೊಂಬೆಗಳ ಜೊತೆಯಲ್ಲೇ ಇಡಬೇಕು. ಒಡೆಯರ ಕಾಲಾನಂತರ ಸಂಗ್ರಹವು ಬಿಡಿಬಿಡಿಯಾಗಿ ಮಾರಾಟವಾದಾಗ ಮೊದಲು ಕಳೆದುಹೋಗುವುದು ಇದೇ ಮಾಹಿತಿ.